ಇಬ್ಬರಿಗೂ ಒತ್ತಿದ ಮುದ್ರೆ

ಯಾರಿಗೆ ವೋಟು ಹಾಕಬೇಕು ಎಂಬ ಪ್ರಶ್ನೆ ನನ್ನನ್ನು ನಿಜವಾಗಿ ಹಿಡಿದು ಕೂತದ್ದು ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಅದೂ ಒಂದು ಗ್ರಾಮ ಪಂಚಾಯತಿಯ ಒಂದು ವಾರ್ಡಿನ ಸೀಟಿಗಾಗಿ. ಅದಕ್ಕೆ ಮುಂಚೆ ಐವತ್ತು ವರ್ಷ ವೋಟು ಹಾಕಿದ್ದೆ. ವಿಧಾನಸಭೆ, ಲೋಕಸಭೆ, ಜಿಲ್ಲಾ ಪಂಚಾಯತಿ, ಒಂದನ್ನೂ ತಪ್ಪಿಸಿದವಳಲ್ಲ. ಪ್ರತಿ ಸಲವೂ ಬಹಳ ಯೋಚಿಸಿಯೇ ಹಾಕಿದ್ದೇನೆ ಎಂಬ ಹೆಮ್ಮೆ ಬೇರೆ ಇತ್ತು. ಈಗ ನೆನೆದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

ನನ್ನ ತವರು ಬೈಲಹೊಂಗಲ. ತಂದೆ ಹತ್ತಿ ವ್ಯಾಪಾರಿ. ಮಗಳಿಗೆ ಇಂಗ್ಲಿಷ್ ಬರಲೇಬೇಕೆಂಬ ಹಟಕ್ಕೆ ನನ್ನನ್ನು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಗೋವಾ ಕಡೆಯ ಸಿಸ್ಟರ್ ಒಬ್ಬರು ಸಿವಿಕ್ಸ್ ಕಲಿಸುತ್ತಿದ್ದರು. ಕ್ಲಾಸಿನ ಮಾನಿಟರಳನ್ನು ಆರಿಸುವುದಕ್ಕೂ ಅವರು ಶೂ ಡಬ್ಬಿಗೆ ಸೀಳು ಕೊರೆದು ಬ್ಯಾಲಟ್ ಬಾಕ್ಸ್ ಮಾಡುವರು, ಕಪಾಟಿನ ಬಾಗಿಲು ತೆರೆದು ಮರೆ ಮಾಡುವರು. "ಗರ್ಲ್ಸ್, ಈ ಬಾಗಿಲ ಹಿಂದೆ ನೀವು ಮತ್ತು ನಿಮ್ಮ ಕನ್ಸೈನ್ಸ್. ಮೂರನೆಯವರು ಇಲ್ಲ." ಚೀಟಿಯನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಬೇಕು. ಸೊಟ್ಟ ಮಡಿಸಿದರೆ ವಾಪಸು ಕಳಿಸುವರು. ಕನ್ಸೈನ್ಸ್ ಅಂದರೆ ಏನೆಂದು ನನಗೆ ಆಗ ಪೂರ್ತಿ ತಿಳಿಯಲಿಲ್ಲ. ನೀಟಾಗಿ ಮಡಿಸುವುದು ಮಾತ್ರ ಚೆನ್ನಾಗಿ ಬಂತು.

ಮದುವೆಯಾಗಿ ಬಂದದ್ದು ಮುನವಳ್ಳಿ ಹತ್ತಿರದ ಒಂದು ಹಳ್ಳಿಗೆ, ಹೊಲ ಮನೆ ದೊಡ್ಡದಾಗಿದ್ದ ಕೂಡು ಕುಟುಂಬಕ್ಕೆ. ನನಗೆ ಮಕ್ಕಳಾಗಲಿಲ್ಲ. ಯಜಮಾನರು ಹೋಗಿ ಒಂಬತ್ತು ವರ್ಷ. ಈಗ ಮನೆ ನಡೆಸುವವನು ನನ್ನ ಮೈದುನ. ನನ್ನ ಬಿ.ಪಿ. ಗುಳಿಗೆ ಮುಗಿಯುವ ಮೊದಲೇ ಸವದತ್ತಿಯಿಂದ ತರುವವನು ಅವನೇ, ತಾಟಿಗೆ ಬಿಸಿ ರೊಟ್ಟಿ ಬಿದ್ದಿದೆಯೋ ಇಲ್ಲವೋ ನೋಡುವವನೂ ಅವನೇ. ಅವನು ಕೆಟ್ಟವನಲ್ಲ ಎಂದು ಇಲ್ಲಿ ಬರೆಯಬೇಕು. ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು.

ನಮ್ಮದು ಹದಿಮೂರು ವೋಟಿನ ಮನೆ. ಮತದಾನದ ದಿನ ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿ ಕೂಡಬೇಕು, ಉಪ್ಪಿಟ್ಟು ತಿನ್ನಬೇಕು, ಆಮೇಲೆ ಮೈದುನ ಹೇಳುತ್ತಾನೆ: "ಈ ಸಲ ನಮ್ಮ ಮನೀದು ಇಂಥಾದ್ದಕ್ಕ. ಮನಿ ವೋಟು ಒಡೀಬಾರದು ನೋಡ್ರಿ." ಎಲ್ಲರೂ ತಲೆ ಆಡಿಸುತ್ತಾರೆ. ನಾನೂ ಆಡಿಸುತ್ತಿದ್ದೆ. ಆಮೇಲೆ ಬೂತಿಗೆ ಹೋಗಿ, ಮಷಿನ್ ಮುಂದೆ ನಿಂತು ನನಗೆ ಬೇಕಾದ ಬಟನ್ ಒತ್ತಿ ಬರುತ್ತಿದ್ದೆ. ಆ ಬೀಪ್ ಸದ್ದು ನನಗೆ ಎಷ್ಟು ಇಷ್ಟವಾಗಿತ್ತೆಂದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅದನ್ನೇ ಕೇಳುತ್ತ ಬರುತ್ತಿದ್ದೆ. ಆ ಮನೆಯಲ್ಲಿ ನನ್ನದೆಂದು ಬೀಗ ಹಾಕಿಕೊಳ್ಳಬಹುದಾಗಿದ್ದ ಜಾಗ ಅದೊಂದೇ.

ವಿಧಾನಸಭೆ ಚುನಾವಣೆ ಬಂತೆಂದರೆ ಎರಡು ತಿಂಗಳು ಮೊದಲೇ ಪೇಪರ್ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಯಾರು ನೀರಾವರಿ ಬಗ್ಗೆ ಏನು ಹೇಳಿದರು, ಯಾರು ಹೋದ ಸಲ ಹೇಳಿ ಮಾಡಲಿಲ್ಲ, ಎಲ್ಲ ಕಾಲಂ ಹಾಕಿ ಬರೆಯುತ್ತಿದ್ದೆ. "ನಮ್ಮ ವೈನಿ ಪರೀಕ್ಷಾಕ್ಕ ಓದಾಕತ್ತಾರ, ಯಾರೂ ಗದ್ಲಾ ಮಾಡಬ್ಯಾಡ್ರಿ" ಎಂದು ಮೈದುನ ಚೇಷ್ಟೆ ಮಾಡುವನು. ನಾನು ಆರಿಸಿದ ಮನುಷ್ಯ ಗೆದ್ದರೂ ಸೋತರೂ ನಮ್ಮ ಓಣಿಗೆ ಬಂದು ಕಟ್ಟೆಯ ಮೇಲೆ ಕೂಡುವವನಲ್ಲ. ನನ್ನ ಮುಖ ಅವನಿಗೆ ಗೊತ್ತಿಲ್ಲ. ಅಂಥ ಕಡೆ ಕನ್ಸೈನ್ಸ್ ಇಟ್ಟುಕೊಳ್ಳುವುದು ಬಹಳ ಸಲೀಸು.

ಪಂಚಾಯತಿ ಸೀಟಿಗೆ ನಿಂತವಳು ನನ್ನ ಕುಪ್ಪಸ ಹೊಲಿಯುವವಳು.

ಆಕೆ ನಮ್ಮ ವಾರ್ಡಿನ ಇನ್ನೊಂದು ತುದಿಯ ಕೇರಿಯವಳು. ಆ ಕೇರಿಯ ಬಹಳಷ್ಟು ಮನೆಗಳವರು ಒಂದು ತಲೆಮಾರಿನ ಹಿಂದೆಯೇ ಬೌದ್ಧರಾಗಿದ್ದಾರೆ. ಗಂಡ ಮುನವಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ, ಆಕೆ ಮನೆಯಲ್ಲಿ ಮಷಿನ್ ಇಟ್ಟುಕೊಂಡು ಅರ್ಧ ಊರಿನ ಹೆಂಗಸರಿಗೆ ಹೊಲಿಯುತ್ತಾಳೆ. ಇಪ್ಪತ್ತು ವರ್ಷ ನನ್ನ ಅಳತೆ ತೆಗೆದವಳು. ನನ್ನ ತೋಳು ಯಾವಾಗ ಸೊರಗಿತು, ಬೆನ್ನು ಯಾವ ವರ್ಷ ಬಾಗಿತು, ಡಾಕ್ಟರಿಗಿಂತ ಆಕೆಗೆ ಹೆಚ್ಚು ಗೊತ್ತು. ಅಳತೆ ತೆಗೆಯುವುದು ಪಡಸಾಲೆಯಲ್ಲಿ. ಅದರಾಚೆ ಆಕೆ ಬಂದದ್ದಿಲ್ಲ, ಬಾ ಎಂದು ನಾನು ಕರೆದದ್ದೂ ಇಲ್ಲ. ಚಹಾ ಕೊಡುತ್ತಿದ್ದೆವು, ಬೇರೆ ಕಪ್ಪಿನಲ್ಲಿ. ನಾನು ಅದನ್ನು ಪೇಪರ್ ಕಪ್ಪು ಮಾಡಿಸಿದೆ, ಎಲ್ಲ ಹೊರಗಿನವರಿಗೂ ಪೇಪರ್ ಕಪ್ಪು. ಇದು ಫೇರ್ ಆಯಿತು ಎಂದುಕೊಂಡೆ.

ಆ ದಿನ ಟೇಪು ನನ್ನ ಭುಜದ ಮೇಲಿತ್ತು.

"ಅಕ್ಕಾರ, ಭುಜ ಇಳದಾವ್ರಿ. ಹ್ವಾದ ವರ್ಷಕ್ಕಿಂತ ಅರ್ಧ ಇಂಚ ಕಡಿಮಿ."

"ಇನ್ನೂ ಎಷ್ಟ ದಿನ ಎತ್ತಿ ಹಿಡೀಲೆವಾ ಅವನ್ನ."

ಆಕೆ ನಗಲಿಲ್ಲ. ಟೇಪು ಸುತ್ತಿ ಕೈಯಲ್ಲಿ ಹಿಡಿದು, "ಅಕ್ಕಾರ, ನಾ ಇಲೆಕ್ಷನ್ನಿಗೆ ನಿಂದರಾಕತ್ತೇನ್ರಿ" ಅಂದಳು.

ನಮ್ಮ ವಾರ್ಡಿನ ಸೀಟು ಆ ಸಲ ಸಾಮಾನ್ಯ ಮಹಿಳೆಗೆ ಬಂದಿತ್ತು. ನಮ್ಮ ಓಣಿಯವರೇ ಯಾರಾದರೂ ಅವಿರೋಧ ಆಗುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ, ಅದು ಮುಖದಲ್ಲಿ ಕಂಡಿರಬೇಕು.

"ಸಾಮಾನ್ಯ ಅಂದ್ರ ನಾನೂ ಬರ್ತೇನಲ್ರಿ? ನನಗಿಂತ ಸಾಮಾನ್ಯ ಯಾರದಾರ್ರಿ ಈ ಊರಾಗ?"

"ಯಾಕವಾ, ಈ ತಾಪತ್ರಯ ಯಾಕ ಹಚ್ಚಿಕೊಳ್ತಿ?"

"ದಾರಿ ಸಲುವಾಗ್ರಿ" ಅಂದಳು. ಅಷ್ಟೇ ಅಂದಳು. ಯಾವ ದಾರಿ ಎಂದು ನಾನು ಕೇಳಬೇಕಾಗಿರಲಿಲ್ಲ.

ಕೇರಿಯವರ ಸುಡುಗಾಡು ನಮ್ಮ ಹೊಲದ ಆಚೆಗಿದೆ. ಅಲ್ಲಿಗೆ ಹೋಗುವ ಕಾಲುದಾರಿ ನಮ್ಮ ಬದುವಿನ ಮೇಲೆ ಹಾದುಹೋಗುತ್ತಿತ್ತು. ನಾನು ಮದುವೆಯಾಗಿ ಬಂದಾಗ ಇತ್ತು, ನನ್ನ ಅತ್ತೆ ಬಂದಾಗಲೂ ಇತ್ತಂತೆ. ಹತ್ತು ನಿಮಿಷದ ದಾರಿ. ನಾಲ್ಕು ವರ್ಷದ ಹಿಂದೆ ಮೈದುನ ಬದು ಮುರಿದು ಕಬ್ಬು ಹಚ್ಚಿದ, ತಂತಿ ಬೇಲಿ ಹಾಕಿಸಿದ, ನಮ್ಮ ಮನೆಯವರು ಓಡಾಡಲು ಒಂದು ತಗಡಿನ ಗೇಟು ಇಟ್ಟು ಬೀಗ ಹಾಕಿದ. ಅಂದಿನಿಂದ ಕೇರಿಯವರು ಹೆಣ ಹೊತ್ತುಕೊಂಡು ಕಾಲುವೆಯ ಏರಿ ಹಿಡಿದು ಸುತ್ತಿ ಹೋಗುತ್ತಾರೆ. ಕಡೆಗೆ ಒಂದು ಹಂಚುಗಾಲುವೆ ದಾಟಬೇಕು, ಸೇತುವೆ ಇಲ್ಲ. ನವಿಲುತೀರ್ಥದಿಂದ ನೀರು ಬಿಟ್ಟಾಗ ತೊಡೆಯ ಮಟ ಬರುತ್ತದೆ. ಆಕೆಯ ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು.

"ನಮ್ಮವ್ವನ ನೀರಾಗ ಹೊತ್ತುಕೊಂಡ ಹೋಗೂದಿಲ್ರಿ ನಾ. ನಕಾಶೆದಾಗ ದಾರಿ ಐತ್ರಿ, ಚುಕ್ಕಿ ಗೆರಿ ಹಾಕ್ಯಾರ. ಮೆಂಬರ್ ಆದ್ರ ಮದಲನೇ ಮೀಟಿಂಗಿಗೇ ಠರಾವು ಬರಸ್ತೇನಿ. ತಹಶೀಲದಾರ್ರಿಗೆ ಕಳಸ್ತೇನಿ. ಈಗ ನಾ ಹೋಗಿ ಕೇಳಿದ್ರ ಟೇಲರ್ ಬಾಯಿ ಬಂದಾಳ ಅಂತಾರ, ಕುರ್ಚಿ ಕೊಡೂದಿಲ್ಲ."

ನಾನು ಕುಪ್ಪಸದ ಬಟ್ಟೆ ತೆಗೆದು ಆಕೆಯ ಕೈಗಿಟ್ಟೆ.

"ನೀವು ಪ್ರಚಾರ ಮಾಡಬ್ಯಾಡ್ರಿ. ಮನ್ಯಾಗ ಜಗಳಾ ತಗೀಬ್ಯಾಡ್ರಿ. ಒಳಗ ಹೋದಾಗ ಒಂದ ಮುದ್ರಿ ಹಾಕ್ರಿ, ಅಷ್ಟ. ಅಲ್ಲೆ ಯಾರೂ ನೋಡೂದಿಲ್ಲ ಅಂತ ನೀವ ಹೇಳ್ತಿದ್ರಲ್ಲ."

ಹೌದು, ಹೇಳುತ್ತಿದ್ದೆ. ಆ ಸಿಸ್ಟರ್, ಆ ಶೂ ಡಬ್ಬಿ, ಎಲ್ಲ ಕತೆಯನ್ನೂ ಅಳತೆ ಕೊಡುತ್ತ ಆಕೆಗೆ ಹೇಳಿದ್ದೆ. ನನ್ನ ಬಾಯಿಂದ ಬಂದದ್ದು ಇಂಗ್ಲಿಷಿನಲ್ಲೇ ಬಂತು. "ಐ ಪ್ರಾಮಿಸ್" ಅಂದೆ.

ಆಗ ನಕ್ಕಳು. "ಇಂಗ್ಲಿಷಿನ್ಯಾಗ ಕೊಟ್ಟ ಮಾತು ಗಟ್ಟಿ ಇರತೈತೇನ್ರಿ ಅಕ್ಕಾರ?"

"ಭಾಳ ಗಟ್ಟಿ ಇರತೈತಿ" ಅಂದೆ.

ನಾಮಿನೇಷನ್ನಿನ ಕಡೆಯ ದಿನ ನಮ್ಮ ಮನೆಯಿಂದಲೂ ಅರ್ಜಿ ಹೋಯಿತು. ಮೈದುನ ತನ್ನ ಸೊಸೆಯನ್ನು ನಿಲ್ಲಿಸಿದ. ರಾಮದುರ್ಗದ ಹುಡುಗಿ, ಬಿ.ಕಾಂ. ಓದಿದವಳು, ಮನೆಯಲ್ಲಿ ಎಲ್ಲರಿಗಿಂತ ನನ್ನ ಜೊತೆ ಹೆಚ್ಚು ಮಾತಾಡುವವಳು. ಆಕೆಗೆ ಪಂಚಾಯತಿ ಬೇಕಾಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಮೈದುನ ನನ್ನೆದುರು ಕೂತು ಸಮಾಧಾನದಿಂದಲೇ ವಿವರಿಸಿದ.

"ವೈನಿ, ಇವತ್ತ ಹೆಣಾ ಒಯ್ಯಾಕ ದಾರಿ ಅಂತಾರ. ನಾಳೆ ಟ್ರ್ಯಾಕ್ಟರ್ ಬರತೈತಿ. ನಾಡದ ಅದು ಸರಕಾರಿ ರಸ್ತೆ ಆಕ್ಕೈತಿ. ಹೊಲ ನಡಬರಕ ಸೀಳಿ ಹೊಕ್ಕೈತಿ. ಅಣ್ಣ ಇದ್ದಿದ್ರ ಒಪ್ಪತಿದ್ನೇನು?"

ಅಣ್ಣ ಇದ್ದಿದ್ದರೆ ಒಪ್ಪುತ್ತಿದ್ದರೇನೋ. ನಾನು ಹಾಗೆ ಹೇಳಲಿಲ್ಲ. ಟೀವಿ ಸದ್ದು ಕಡಿಮೆ ಮಾಡಲು ಎದ್ದೆ.

ಪಂಚಾಯತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಪಟ್ಟಿಯಲ್ಲಿರುವ ಯಾವುದೋ ಒಂದನ್ನು ಕೇಳಿ ಪಡೆಯಬೇಕು. ಟೇಲರ್ ಬಾಯಿ ಸಹಜವಾಗಿ ಹೊಲಿಗೆ ಮಷಿನ್ ಕೇಳಿದಳು. ಮೈದುನನಿಗೆ ಈ ಸುದ್ದಿ ಮೊದಲೇ ಬಂದಿತ್ತು. ಸೊಸೆಯಿಂದಲೂ ಅದನ್ನೇ ಬರೆಸಿದ. ಇಬ್ಬರೂ ಒಂದನ್ನೇ ಕೇಳಿದ್ದಕ್ಕೆ ಚೀಟಿ ಎತ್ತಿದರು, ಮಷಿನ್ ನಮ್ಮ ಮನೆಗೆ ಬಂತು. ಸೂಜಿಗೆ ದಾರ ಪೋಣಿಸಲು ಬರದ ಹುಡುಗಿಗೆ ಮಷಿನ್, ಟೇಲರಳಿಗೆ ಬ್ಯಾಟರಿ ಟಾರ್ಚು. ಆ ವಾರ ಆಕೆ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಕಟ್ಟೆಯ ಮೇಲಿದ್ದ ನನ್ನನ್ನು ನೋಡಿ, "ನನ್ನ ಮಷಿನ್ ನಿಮ್ಮ ಸೊಸಿ ಒಯ್ದ್ಲು ನೋಡ್ರಿ ಅಕ್ಕಾರ. ಮನ್ಯಾಗಿಂದೂ ಒಂದ ದಿನ ಬಂದು ಒಯ್ದಾಳು, ಎಣ್ಣಿ ಹಾಕಿ ಇಟ್ಟೇನಿ" ಅಂದಳು. ಒಳಗಿನಿಂದ ಯಾರೋ ನಕ್ಕರು. ನನಗೂ ನಗು ಬಂತು, ಆಮೇಲೆ ನಾಚಿಕೆ ಬಂತು.

ಆಗಲೂ ನನಗೆ ಅನುಮಾನವಿರಲಿಲ್ಲ. ಸೊಸೆ ಗೆದ್ದರೂ ಸೋತರೂ ಆಕೆಗೆ ಆಗಬೇಕಾದ್ದು ಏನೂ ಇಲ್ಲ. ತಲೆ ಆಡಿಸುವುದು, ಒಳಗೆ ಹೋಗಿ ನನ್ನದನ್ನು ಒತ್ತಿ ಬರುವುದು. ಐವತ್ತು ವರ್ಷದ ಅಭ್ಯಾಸ.

ಮತದಾನಕ್ಕೆ ಮೂರು ದಿನ ಮೊದಲು ಮಂಗಳವಾರ. ಬೆಳಿಗ್ಗೆ ನಾನು ಸ್ನಾನ ಮುಗಿಸಿ ದೇವರ ಕೋಣೆಗೆ ಹೋದಾಗ ಮನೆಯ ಹೆಂಗಸರೆಲ್ಲ ಅಲ್ಲೇ ಇದ್ದರು. ಸೊಸೆಯ ಕೈಯಲ್ಲಿ ಹಿತ್ತಾಳೆ ಬಟ್ಟಲು, ಬಟ್ಟಲ ತುಂಬ ಯಲ್ಲಮ್ಮನ ಗುಡ್ಡದಿಂದ ತಂದ ಭಂಡಾರ. ನಮ್ಮ ಕಡೆ ಆ ಅರಿಷಿಣಪುಡಿ ಇಲ್ಲದ ಮನೆ ಇಲ್ಲ. ನಾನು ಎಂದಿನಂತೆ ಬಲಗೈ ಮುಂದೆ ಮಾಡಿ ಎಡಗೈ ಕೆಳಗೆ ಹಿಡಿದೆ. ಸೊಸೆ ಒಂದು ಚಿಟಿಕೆ ಹಾಕಿದಳು. ಕಣ್ಣಿಗೊತ್ತಿಕೊಂಡು ಹಣೆಗೆ ಹಚ್ಚಿಕೊಂಡೆ.

"ಆತ್ರಿ ದೊಡ್ಡತ್ತಿ" ಅಂದಳು ಸೊಸೆ, ನೆಲ ನೋಡುತ್ತ. "ಇನ್ನ ಮಾತ ಕೊಟ್ಟಂಗ."

ಭಂಡಾರ ಮುಟ್ಟಿಸಿ ವೋಟಿನ ಆಣೆ ತಗೊಳ್ಳುವುದು ನಮ್ಮ ಕಡೆ ಹೊಸದಲ್ಲ. ಹೊರಗಿನ ಮನೆಗಳಿಗೆ ಹೋಗಿ ಮಾಡುತ್ತಾರೆ, ನಾನು ಕೇಳಿದ್ದೆ. ಅದು ನಮ್ಮ ದೇವರ ಕೋಣೆಯಿಂದ, ನನ್ನಿಂದ ಸುರುವಾಗುತ್ತದೆಂದು ಅಂದುಕೊಂಡಿರಲಿಲ್ಲ.

"ನಾ ಪ್ರಸಾದ ಅಂತ ಕೈ ಒಡ್ಡಿದೆ" ಅಂದೆ.

"ಪ್ರಸಾದನರಿ."

ಮೈದುನ ಬಾಗಿಲಲ್ಲಿ ನಿಂತಿದ್ದ. "ವೈನಿ, ಸಿಟ್ಟಾಗಬ್ಯಾಡ್ರಿ. ಮನ್ಯಾಗಿಂದ ಮಾಡಿಕೊಂಡ ಹೊಂಟ್ರ ಹೊರಗಿನವರಿಗೆ ಹೇಳಾಕ ನಮಗ ಬಾಯಿ ಇರತೈತಿ" ಅಂದ. ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅವನಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು. ವಿಧಾನಸಭೆಯ ವೋಟು, ನನ್ನ ನೋಟ್‌ಬುಕ್ಕು, ಆ ಬೀಪ್, ಎಲ್ಲ. ಅಲ್ಲಿ ಒಂದು ವೋಟು ಸೋರಿದರೆ ಅವನಿಗೆ ಲೆಕ್ಕವಿರಲಿಲ್ಲ, ಬಿಟ್ಟಿದ್ದ. ಇಲ್ಲಿ ಇಡೀ ವಾರ್ಡಿಗೆ ಮುನ್ನೂರು ಚಿಲ್ಲರೆ ವೋಟು.

ಕಾನ್ವೆಂಟಿನಲ್ಲಿ ಓದಿದವಳು ಒಂದು ಚಿಟಿಕೆ ಅರಿಷಿಣಕ್ಕೆ ಹೆದರುತ್ತಾಳೆಯೇ ಎಂದು ಓದುವವರು ಕೇಳಬಹುದು. ಹೆದರುತ್ತಾಳೆ. ನನ್ನ ತಾಯಿ ಬೈಲಹೊಂಗಲದಿಂದ ಚಕ್ಕಡಿ ಕಟ್ಟಿಕೊಂಡು ಪ್ರತಿ ವರ್ಷ ಗುಡ್ಡಕ್ಕೆ ಹೋಗುತ್ತಿದ್ದಳು. ರಜೆಗೆ ಊರಿಗೆ ಬಂದಾಗ ನಾನೂ ಹೋಗಿದ್ದೇನೆ. ಬೋರ್ಡಿಂಗಿನಲ್ಲಿ ಮಂಡಿಯೂರಿದವಳೂ ನಾನೇ, ಗುಡ್ಡದಲ್ಲಿ ಉಧೋ ಅಂದವಳೂ ನಾನೇ. ಸೋಪು ಹಚ್ಚಿ ತೊಳೆದೆ. ಅಂಗೈಯ ಗೆರೆಗಳಲ್ಲಿ ಹಳದಿ ನಾಲ್ಕು ದಿನ ಉಳಿಯಿತು.

ಹೆಂಗಸರು ಬಟ್ಟಲು ಹಿಡಿದು ಓಣಿ ತಿರುಗಿದರು, ಕೇರಿಗೂ ಹೋದರು. ಅಲ್ಲಿ ಹರೆಯದವರು "ನಾವು ಇದನ್ನ ಬಿಟ್ಟೇವ್ರಿ" ಎಂದು ಕೈ ಕಟ್ಟಿ ನಿಂತರಂತೆ. ಮುದುಕಿಯರು ಕೆಲವರು ಸೆರಗಿನ ಮರೆಯಲ್ಲಿ ಕೈ ಚಾಚಿದರಂತೆ. ಸೊಸೆ ಮನೆಗೆ ಬಂದು ಇದನ್ನು ಹೇಳಿ, ಯಾಕೋ ಊಟ ಮಾಡದೆ ಎದ್ದುಹೋದಳು.

ಮತದಾನದ ದಿನ ಉಪ್ಪಿಟ್ಟು ತಿಂದು ಹೊರಟೆವು. ಬೂತು ಕನ್ನಡ ಸಾಲಿಯಲ್ಲಿ. ಕಿತ್ತೂರು ಕಡೆಯಿಂದ ಡ್ಯೂಟಿಗೆ ಬಂದಿದ್ದ ಮಾಸ್ತರು ನನ್ನ ಬೆರಳಿಗೆ ಶಾಯಿ ಹಚ್ಚಿ, ಚೀಟಿ ಮತ್ತು ರಬ್ಬರ್ ಮುದ್ರೆ ಕೈಗೆ ಕೊಟ್ಟು, "ಒಂದ ಕಡೆ ಅಷ್ಟ ಒತ್ರಿ ಅಜ್ಜಿ, ಎರಡ ಕಡೆ ಒತ್ತಿದ್ರ ಕೆಡತೈತಿ" ಅಂದರು. ಗ್ರಾಮ ಪಂಚಾಯತಿಗೆ ನಮ್ಮಲ್ಲಿ ಮಷಿನ್ ಇಲ್ಲ, ಕಾಗದದ ಚೀಟಿ. ಆ ಮಾತನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ವಯಸ್ಸಾಗಿತ್ತು, ತಿಳಿಯಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ.

ರಟ್ಟಿನ ಮರೆಯ ಹಿಂದೆ ನಾನೊಬ್ಬಳೇ. ಚೀಟಿಯಲ್ಲಿ ಎರಡೇ ಚಿತ್ರ, ಮೇಲೆ ಟಾರ್ಚು, ಕೆಳಗೆ ಮಷಿನ್. ಮೊದಲು ಟಾರ್ಚಿನ ಮೇಲೆ ಒತ್ತಿದೆ. ಚೌಕದ ನಟ್ಟನಡುವೆ, ಅಂಚಿಗೆ ತಾಗದ ಹಾಗೆ. ಹಾಗೆಯೇ ಮಡಿಸಿ ಡಬ್ಬಿಗೆ ಹಾಕಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮುದ್ರೆ ಇನ್ನೂ ಕೈಯಲ್ಲಿತ್ತು. ಅಂಗೈಯಲ್ಲಿ ಆ ಹಳದಿ. ನಾಳೆ ಬೆಳಿಗ್ಗೆ ದೇವರ ಮುಂದೆ ಕೂಡಬೇಕು, ಮೈದುನ ತಂದ ಗುಳಿಗೆ ನುಂಗಬೇಕು. ಇಬ್ಬರಿಗೂ ಮಾತು ಕೊಟ್ಟಿದ್ದೇನೆ, ಇಬ್ಬರಿಗೂ ಮುದ್ರೆ ಹಾಕಿದರೆ ಯಾರಿಗೂ ಸುಳ್ಳು ಹೇಳಿದಂತಾಗುವುದಿಲ್ಲ ಅನಿಸಿತು. ಯಾರು ಕೇಳಿದರೂ 'ಹಾಕಿದೆ' ಎನ್ನಬಹುದು, ಮತ್ತು ಅದು ನಿಜವೇ ಆಗಿರುತ್ತದೆ. ಸುಳ್ಳು ಹೇಳಬಾರದು ಎಂದು ನನಗೆ ಅಷ್ಟು ಚೆನ್ನಾಗಿ ಕಲಿಸಿದ್ದರು. ಎರಡನೆಯದನ್ನೂ ನಟ್ಟನಡುವೆ ಒತ್ತಿದೆ. ಶಾಯಿ ಒಣಗಲೆಂದು ಊದಿದೆ. ಅಂಚಿಗೆ ಅಂಚು ಕೂಡಿಸಿ ಮಡಿಸಿ ಡಬ್ಬಿಗೆ ಹಾಕಿದೆ.

ಹೊರಗೆ ಬೇವಿನ ಮರದ ಕೆಳಗೆ ಇಬ್ಬರೂ ಅಭ್ಯರ್ಥಿಗಳು ನಿಂತಿದ್ದರು, ನೂರು ಮೀಟರಿನ ಗೆರೆಯಾಚೆ. ಸೊಸೆ ನನ್ನ ಕೈ ಹಿಡಿದಳು. ಟೇಲರ್ ಬಾಯಿ ದೂರದಿಂದಲೇ ಕಣ್ಣಲ್ಲಿ ಕೇಳಿದಳು. ನಾನು ಹೌದೆಂದು ತಲೆ ಆಡಿಸಿದೆ. ಆಕೆಯ ಮುಖ ಅರಳಿದ್ದು ಇಂದಿಗೂ ಕಣ್ಣ ಮುಂದಿದೆ.

ಎಣಿಕೆ ಸವದತ್ತಿಯಲ್ಲಾಯಿತು. ಆಕೆ ಒಂಬತ್ತು ವೋಟಿನಿಂದ ಸೋತಳು. ಆರು ವೋಟು ಕೆಟ್ಟಿದ್ದವು. ಹಳಬರು ಅಂಥವನ್ನು ಕುಲಗೆಟ್ಟ ವೋಟು ಎನ್ನುತ್ತಾರೆ. ಸಂಜೆ ಹಲಗಿ ಬಾರಿಸುತ್ತ, ಗುಲಾಲು ಎರಚುತ್ತ ನಮ್ಮವರು ಬಂದರು. ಕೇರಿಯ ಮುದುಕಿಯರು ಮಷಿನ್ ಚಿತ್ರ ನೋಡಿ, ಇದು ನಮ್ಮ ಹುಡುಗಿಯದೇ ಎಂದು ಅದಕ್ಕೇ ಒತ್ತಿ ಬಂದಿದ್ದಾರೆಂದು ಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಎಷ್ಟು ಜನ ಹಾಗೆ ಮಾಡಿದರೋ ಗೊತ್ತಿಲ್ಲ. ಆದರೆ ಆ ಮಾತು ನನಗೆ ದೊಡ್ಡ ಉಪಕಾರ ಮಾಡಿತು. ಆಕೆ ಸೋತದ್ದು ಆ ಮುದುಕಿಯರಿಂದ, ನನ್ನ ಒಂದರಿಂದ ಏನಾಗುತ್ತಿತ್ತು, ಎಂದು ಹತ್ತು ದಿನ ನನಗೆ ನಾನೇ ಹೇಳಿಕೊಂಡೆ. ಗಣಿತ ನನ್ನ ಪರವಾಗಿತ್ತು.

ಹನ್ನೊಂದನೆಯ ದಿನ ಆಕೆ ಕುಪ್ಪಸ ಹೊಲಿದು ತಂದಳು. ಪಡಸಾಲೆಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಕೊಟ್ಟಳು.

"ಒಳಗ ಬಾರವಾ."

"ಇಲ್ಲೇ ಬರೋಬ್ಬರಿ ಐತ್ರಿ." ಕೈಚೀಲ ಮಡಿಸಿ ಕಂಕುಳಿಗೆ ಇಟ್ಟುಕೊಂಡಳು. "ಎಣಿಸುವಾಗ ನಮ್ಮ ಮನೆಯವರು ನನ್ನ ಏಜೆಂಟ್ ಆಗಿ ಕುಂತಿದ್ರು. ಕೆಟ್ಟಿದ್ದ ಚೀಟಿ ತೋರಿಸಿದ್ರಂತ. ಒಂದರಾಗ ಹೆಬ್ಬೆಟ್ಟು, ಒಂದು ಖಾಲಿ, ಮೂರು ಶಾಯಿ ಕಲಸಿ ರಾಡಿ. ಒಂದ ಮಾತ್ರ ಎರಡ ಮುದ್ರಿ, ಟೇಪ್ ಹಿಡದ ಒತ್ತಿದಂಗ ಇತ್ತಂತ, ಮಡಿಕಿ ಸುದ್ದಾ ಇಸ್ತ್ರಿ ಮಾಡಿದಂಗ. ನಮ್ಮ ವಾರ್ಡಿನ್ಯಾಗ ಅಷ್ಟ ಅಚ್ಚುಕಟ್ಟ ಕೈ ಯಾರದ್ರಿ ಅಕ್ಕಾರ?"

ನಾನು ಸುಳ್ಳು ಹೇಳಲಿಲ್ಲ. ಕುಪ್ಪಸದ ಮಡಿಕೆ ಸರಿಮಾಡಿದೆ.

"ನಿಮ್ಮ ಮನಿಗೇ ಹಾಕಿದ್ರ ನನಗ ಇಷ್ಟ ಅನಸ್ತಿರಲಿಲ್ರಿ. ಮನಿ ಅಂದಮ್ಯಾಲೆ ಹಾಕ್ತಾರ. ನೀವು ನನಗೂ ಹಾಕಿದ್ರಿ, ಹಾಕಿ ಕೆಡಿಸಿದ್ರಿ."

"ಭಂಡಾರ ಮುಟ್ಟಿಸಿದ್ರವಾ. ನನಗ ಗೊತ್ತಾಗಲಿಲ್ಲ, ಪ್ರಸಾದ ಅಂತ..."

"ನಮ್ಮವ್ವಗೂ ಮುಟ್ಟಿಸಾಕ ಬಂದಿದ್ರು. ಹಾಸಿಗ್ಯಾಗ ಮಲಗಿದಾಕಿ, ಕೈ ಹಿಂದಕ ತಗೊಂಡ್ಲು." ಹೋಗಲು ತಿರುಗಿದವಳು ನಿಂತಳು. "ಇನ್ನೊಂದ ಮಾತ್ರಿ. ಆ ಹೊಲದ ಉತಾರದಾಗ ನಿಮ್ಮ ಹೆಸರೂ ಐತಿ. ತಲಾಟಿ ಕಡೆ ನೋಡೇನಿ ನಾ. ದಾರಿ ಬಿಡ್ರಿ ಅಂತ ನಾ ನಿಮ್ಮನ್ನ ಕೇಳಲಿಲ್ಲ. ಒಂದ ಮುದ್ರಿ ಕೇಳಿದ್ನಿ."

ಇದನ್ನು ನಾನು ಇಲ್ಲಿಯವರೆಗೆ ಬರೆಯದೆ ಉಳಿಸಿಕೊಂಡಿದ್ದೆ. ಯಜಮಾನರು ಹೋದ ಮೇಲೆ ಹೊಲದ ಪಹಣಿಯಲ್ಲಿ ಅವರ ಪಾಲಿಗೆ ನನ್ನ ಹೆಸರು ಏರಿತ್ತು. ಬೇಲಿ ಹಾಕುವಾಗ ಬೇಡ ಎಂದು ಒಂದು ಮಾತು ಹೇಳಬಹುದಿತ್ತು. ಆ ದಿನ ನಾನು ನೋಟ್‌ಬುಕ್ಕಿಗೆ ಯಾರದೋ ಮ್ಯಾನಿಫೆಸ್ಟೊ ಅಂಟಿಸುತ್ತ ಕೂತಿದ್ದೆ.

ಆಕೆಯ ತಾಯಿ ಸತ್ತದ್ದು ಶ್ರಾವಣದಲ್ಲಿ. ಡ್ಯಾಮ್ ತುಂಬಿ ಕಾಲುವೆಗೆ ನೀರು ಬಿಟ್ಟಿದ್ದರು. ಬೆಳಿಗ್ಗೆ ಸುದ್ದಿ ಬಂದಾಗ ಮೈದುನ ಗೇಟಿನ ಕೀಲಿ ತಂದು ನನ್ನ ಮುಂದಿಟ್ಟ. ಮುಂದೆ ತಾಲೂಕು ಪಂಚಾಯತಿ ಬರುವುದಿತ್ತು, ಕೇರಿಯ ವೋಟು ಬೇಕಾಗಿತ್ತು. ಬರೀ ಅದಕ್ಕೇ ಅಂದನೆಂದು ಹೇಳಲಾರೆ. ಅವನಿಗೆ ನಿಜವಾಗಿಯೂ ಕನಿಕರವಾಗಿತ್ತೇನೋ.

"ವೈನಿ, ನೀವ ಹೋಗಿ ಹೇಳ್ರಿ. ಇವತ್ತೊಂದಿನ ಹೊಲದಾಗ ಹಾಯ್ದು ಹೋಗ್ಲಿ. ಗೇಟು ತಗಸ್ತೇನಿ. ನೀವು ಹೇಳಿದ್ರ ಕೇಳ್ತಾಳ ಆಕಿ."

ಆ ಊರಿಗೆ ಬಂದು ಐವತ್ತು ವರ್ಷಕ್ಕೆ ನಾನು ಮೊದಲ ಸಲ ಕೇರಿಯೊಳಗೆ ಕಾಲಿಟ್ಟೆ. ಆಕೆಯ ಮನೆ ಹುಡುಕಬೇಕಾಯಿತು. ಬಾಗಿಲ ಮುಂದೆ ಜನ ಸರಿದು ದಾರಿ ಬಿಟ್ಟರು. ತಾಯಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಆಕೆ ತಲೆಯ ಬಳಿ ಕೂತಿದ್ದಳು. ಹತ್ತಿರ ಹೋಗಿ, ಗೇಟು ತೆರೆಸಿದ್ದಾರೆ, ಇವತ್ತು ಹೊಲದಲ್ಲಿ ಹಾಯ್ದು ಹೋಗಿರೆಂದು ಹೇಳಿದೆ.

"ಇವತ್ತಷ್ಟ ಏನ್ರಿ?"

"ಹೂಂ."

"ಮತ್ತ ಮುಂದ ಯಾರರೆ ಸತ್ರ?"

ಉತ್ತರ ನನ್ನ ಹೆಸರಿದ್ದ ಉತಾರದಲ್ಲಿತ್ತು. ಹೇಳಲು ಬಾಯಿ ಬರಲಿಲ್ಲ.

"ಬ್ಯಾಡ್ರಿ ಅಕ್ಕಾರ" ಅಂದಳು, ದನಿ ಏರಿಸದೆ. "ನಾ ದಾರಿ ಕೇಳಿದ್ನಿ, ಪರವಾನಗಿ ಕೇಳಿರಲಿಲ್ಲ. ಇಷ್ಟ ದಿನ ಎಲ್ಲಾರ ಅವ್ವಗೋಳು ನೀರಾಗ ಹ್ವಾದ್ರು, ನಮ್ಮವ್ವ ಒಬ್ಬಾಕಿನ ಒಣಾ ಹಾದಿಲೆ ಹ್ವಾದ್ರ ನಾ ಈ ಕೇರ್ಯಾಗ ಹೆಂಗ ಇರಲಿ?"

ಹೊತ್ತು ಹೊರಟರು. ನಾನೂ ಹಿಂದೆ ನಡೆದೆ. ಯಾರೂ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಏರಿಯ ಮೇಲೆ ಕರಿಮಣ್ಣು ಚಪ್ಪಲಿಗೆ ಅಂಟಿ ಹೆಜ್ಜೆ ಭಾರವಾಗುತ್ತಿತ್ತು. ಎಡಕ್ಕೆ ನಮ್ಮ ಕಬ್ಬು ನಿಂತಿತ್ತು, ಆಳೆತ್ತರ. ಹಂಚುಗಾಲುವೆ ಬಂದಾಗ ಗಂಡಸರು ಪಂಚೆ ಎತ್ತಿ ಕಟ್ಟಿ, ಚಟ್ಟವನ್ನು ಹೆಗಲಿನಿಂದ ತಲೆಯ ಮೇಲಕ್ಕೆ ಎತ್ತಿಕೊಂಡು ಇಳಿದರು. ಆಕೆ ಸೀರೆ ಒಟ್ಟುಗೂಡಿಸಿ ಅವರ ಹಿಂದೆ ಇಳಿದಳು. ಒಂದು ಕೈ ಮೇಲೆತ್ತಿ ತಾಯಿಯ ಪಾದ ಹಿಡಿದಿದ್ದಳು. ನೀರು ಆಕೆಯ ಸೊಂಟದವರೆಗೆ ಬಂತು.

ನಾನು ದಂಡೆಯ ಮೇಲೆ ನಿಂತೆ. ಆಕೆಯ ಗಂಡ ನಡುನೀರಿನಿಂದ ತಿರುಗಿ ನೋಡಿ, "ನಿಮಗ ಆಗೂದಿಲ್ರಿ ಅಕ್ಕಾರ, ಮೊಳಕಾಲ ಬ್ಯಾನಿ ನಿಮಗ. ನಡೀರಿ ಮನಿಗೆ" ಅಂದ. ಮರ್ಯಾದೆಯಿಂದಲೇ ಅಂದ.

ಅವರು ಆಚೆ ದಡ ಹತ್ತಿ ಜಾಲಿ ಗಿಡಗಳ ಹಿಂದೆ ಮರೆಯಾಗುವವರೆಗೆ ನಿಂತಿದ್ದೆ. ಮಳೆ ಹನಿಯತೊಡಗಿತು. ಏರಿಯ ಮೇಲೆ ವಾಪಸು ನಡೆಯುವ ಶಕ್ತಿ ಇರಲಿಲ್ಲ. ಪಕ್ಕದಲ್ಲೇ ನಮ್ಮ ತಗಡಿನ ಗೇಟು ತೆರೆದೇ ಇತ್ತು, ಅವರಿಗಾಗಿ ತೆಗೆಸಿದ್ದು. ಒಳಗೆ ಹೋದೆ. ನಮ್ಮವರು ಓಡಾಡುವ ಹಾದಿ ಕಬ್ಬಿನ ನಡುವೆ ಒಣಗಿ ಸಾಪಾಗಿತ್ತು. ಹತ್ತು ನಿಮಿಷಕ್ಕೆ ಮನೆ ಮುಟ್ಟಿದೆ.